ಕಪ್ಪು ಕಲೆ ಮರದ ತಪ್ಪಲ್ಲ, ಮೊಳೆಯ ತಪ್ಪು

ತೊಟ್ಟಿಲಿನ ಕಾಲು, ಹಳೇ ಮಂಚದ ಗುಬುಟು, ಕಡಗೋಲು, ಲಟ್ಟಣಿಗೆ. ಲೇತಿನಲ್ಲಿ ಕಡೆದು ಮಾಡಿದ ಇಂಥ ಸಾಮಾನು ನಮ್ಮ ಊರಿನ ಮನೆಗಳಲ್ಲಿ ಇನ್ನೂ ಇದೆ. ಮೊಳೆ ಹೊಡೆದ ಜಾಗದ ಸುತ್ತ ಕಪ್ಪು ಕಂಡರೆ ಸಾಕು, "ಮರ ಕೊಳೆತುಹೋಗಿದೆ" ಅಂತ ನಾವೇ ತೀರ್ಪು ಕೊಟ್ಟುಬಿಡುತ್ತೇವೆ. ಆಮೇಲೆ ಅದು ಒಲೆಗೆ ಹೋಗುತ್ತದೆ, ಇಲ್ಲವೇ ಹಳೇ ಸಾಮಾನು ಕೊಳ್ಳುವವರ ಕೈಗೆ ಪುಡಿಗಾಸಿಗೆ ಹೋಗುತ್ತದೆ. ಕೊಳ್ಳುವವರಿಗೆ ಆ ಕಪ್ಪು ಚೌಕಾಸಿಗೆ ಒಳ್ಳೆಯ ನೆಪ. ಕಡೆದುಕೊಟ್ಟವನಿಗೆ "ಕಳಪೆ ಮರ ಹಾಕಿದ" ಅನ್ನುವ ಮಾತು.

ನಾನು ಹೇಳುವುದಿಷ್ಟು: ಮೊಳೆ ಸುತ್ತಲಿನ ಕಪ್ಪು ಬಹುತೇಕ ಕೊಳೆಯಲ್ಲ. ಅದು ಕಬ್ಬಿಣದ ಕಲೆ. ಅದನ್ನು ತೆಗೆಯಬಹುದು. ಅದಕ್ಕಾಗಿ ಮರವನ್ನು ಉಜ್ಜಿ ಸವೆಸಬೇಕಿಲ್ಲ, ಬೆಲೆಯನ್ನೂ ಇಳಿಸಬೇಕಿಲ್ಲ.

ಇದರ ಗುಟ್ಟು ನಮ್ಮ ಅಡುಗೆಮನೆಯಲ್ಲೇ ಇದೆ. ಕಬ್ಬಿಣದ ಈಳಿಗೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಈಳಿಗೆಯೂ ಕಪ್ಪು, ಕೈಯೂ ಕಪ್ಪು. ಬಾಳೆಕಾಯಿಯ ಒಗರಿನಲ್ಲಿ ಟ್ಯಾನಿನ್ ಅನ್ನುವ ಅಂಶ ಇದೆ. ಅದು ಕಬ್ಬಿಣ, ನೀರು ಎರಡರ ಜೊತೆ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಕಲಂಕಾರಿ ಬಟ್ಟೆಯ ಕಪ್ಪು ಗೆರೆ ಬರುವುದೂ ಹೀಗೆಯೇ: ಮೊದಲು ಬಟ್ಟೆಗೆ ಅಳಲೆಕಾಯಿ ರಸ, ಅದರ ಮೇಲೆ ಬೆಲ್ಲದ ನೀರಿನಲ್ಲಿ ಕಬ್ಬಿಣ ನೆನೆಸಿದ ದ್ರಾವಣ. ತೇಗ, ಜಾಲಿಯಂಥ ಮರಗಳಲ್ಲೂ ಈ ಒಗರು ಇದೆ. ಮಳೆಗಾಲದ ತೇವಕ್ಕೆ ಮೊಳೆ ತುಕ್ಕು ಹಿಡಿದಾಗ ಮರದೊಳಗೆ ಅದೇ ಬಣ್ಣ ಹುಟ್ಟುತ್ತದೆ. ಅಂದರೆ ಮರ ಸತ್ತಿಲ್ಲ, ಬಣ್ಣ ಹಿಡಿದಿದೆ.

ಕೊಳೆಯೋ ಕಲೆಯೋ ಅಂತ ತಿಳಿಯಲು ಒಂದು ದಬ್ಬಣ ಸಾಕು. ಕಪ್ಪು ಜಾಗಕ್ಕೆ ಚುಚ್ಚಿ ನೋಡಿ. ಗಟ್ಟಿಯಾಗಿದ್ದರೆ ಕಲೆ, ಮೆತ್ತಗೆ ಒಳಗೆ ಇಳಿದರೆ ಕೊಳೆ. ಮೊಳೆ, ತಗಡು ಯಾವುದೂ ಇಲ್ಲದ ಕಡೆ ಉದ್ದುದ್ದ ನೀಲಿ-ಬೂದು ಗೆರೆ ಇದ್ದರೆ ಅದು ಬೂಷ್ಟಿನ ಕಲೆ ಇರಬಹುದು. ಅದಕ್ಕೆ ಕೆಳಗಿನ ಉಪಾಯ ನಾಟುವುದಿಲ್ಲ.

ಕಬ್ಬಿಣದ ಕಲೆಗೆ ಮೊದಲ ಮದ್ದು ನಿಂಬೆಹುಳಿ. ತುಕ್ಕು ಹಿಡಿದ ಮೊಳೆಯನ್ನು ಮೊದಲು ಕೀಳಿ, ಅದು ಅಲ್ಲೇ ಇದ್ದರೆ ಕಲೆ ಮತ್ತೆ ಬರುತ್ತದೆ. ಮೇಲಿನ ಎಣ್ಣೆ ಜಿಡ್ಡು ಒರೆಸಿ, ಜಿಡ್ಡಿನ ಮೇಲೆ ಹುಳಿ ಒಳಗೆ ಇಳಿಯುವುದಿಲ್ಲ. ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ವಲ್ಪ ಹಚ್ಚಿ ಪರೀಕ್ಷಿಸಿ. ಆಮೇಲೆ ಹತ್ತಿಯಲ್ಲಿ ನಿಂಬೆರಸ ಅದ್ದಿ ಕಲೆಯ ಮೇಲಿಟ್ಟು, ಹತ್ತು ಹದಿನೈದು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ. ಎರಡು ಮೂರು ಸಲ ಮಾಡಬೇಕಾಗಬಹುದು. ನೆರಳಲ್ಲಿ ಒಣಗಿಸಿ, ಕೊನೆಗೆ ಎಣ್ಣೆ ಸವರಿ.

ಹಳೆಯ, ಆಳದ ಕಲೆಗೆ ಬಡಗಿಗಳು ಆಕ್ಸಾಲಿಕ್ ಆಮ್ಲ ಬಳಸುತ್ತಾರೆ. ಕೆಲಸ ಮಾಡುತ್ತದೆ ನಿಜ, ಆದರೆ ಅದು ವಿಷ. ಪುಡಿ ಮೂಗಿಗೆ ಹೋಗಬಾರದು, ಕೈಗೆ ಗ್ಲೌಸ್ ಬೇಕು, ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು, ಕೊನೆಗೆ ಚೆನ್ನಾಗಿ ತೊಳೆಯಬೇಕು. ಇಲ್ಲಿ ನನ್ನ ಮಾತು ಖಡಾಖಂಡಿತ: ತೊಟ್ಟಿಲು, ಆಟಿಕೆ, ಲಟ್ಟಣಿಗೆ, ಕಡಗೋಲಿಗೆ ಇದು ಬೇಡವೇ ಬೇಡ. ಮಗು ಬಾಯಿಗಿಡುವ ವಸ್ತುವಿನಲ್ಲಿ ಚೂರು ಕಪ್ಪು ಉಳಿದರೆ ನಷ್ಟವಿಲ್ಲ. ಸಂದಿಯಲ್ಲಿ ಆಮ್ಲ ಉಳಿದರೆ ಅಪಾಯ. ಕಲೆ ಮುಚ್ಚಲು ಯಾವುದೋ ಪೇಂಟ್ ಬಳಿಯುವುದೂ ಅಷ್ಟೇ ತಪ್ಪು. ಬ್ಲೀಚಿಂಗ್ ಪೌಡರ್‌ಗೂ ಈ ಕಲೆ ಜಗ್ಗುವುದಿಲ್ಲ, ಮರದ ಬಣ್ಣ ಮಾತ್ರ ಕೆಡುತ್ತದೆ.

ಉಪ್ಪುಕಾಗದ ಹಾಕಿ ಉಜ್ಜಿದರಾಯಿತಲ್ಲ ಅಂತ ಕೇಳುವವರಿದ್ದಾರೆ. ಹಲಗೆಯಾದರೆ ಸರಿ. ಕಡೆದ ಸಾಮಾನಿನ ಬೆಲೆ ಇರುವುದೇ ಅದರ ಬಳೆಗಳಲ್ಲಿ, ಗುಂಡನೆಯ ತಿರುವುಗಳಲ್ಲಿ. ಕಲೆ ಮರದೊಳಗೆ ಇಳಿದಿರುತ್ತದೆ. ಅದು ಹೋಗುವತನಕ ಉಜ್ಜಿದರೆ ಆ ಬಳೆಗಳೂ ಸವೆದುಹೋಗುತ್ತವೆ. ಉಕ್ಕಿನ ನಾರಿನಿಂದ ಉಜ್ಜಿದರಂತೂ ಇನ್ನೂ ಕೆಟ್ಟದ್ದು. ಅದರ ಚೂರುಗಳು ಮರದ ರಂಧ್ರದಲ್ಲಿ ಕೂತು, ತೇವ ತಾಗಿದಾಗ ಹೊಸ ಕಪ್ಪು ಚುಕ್ಕೆ ಹುಟ್ಟಿಸುತ್ತವೆ.

ಕಲೆ ಬರದಂತೆ ತಡೆಯುವುದು ಇದಕ್ಕಿಂತ ಸುಲಭ. ರಿಪೇರಿಗೆ ಕೊಟ್ಟಾಗ ಕಬ್ಬಿಣದ ಮೊಳೆ ಬದಲು ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಲು ಹೇಳಿ. ಒಂದು ಸ್ಕ್ರೂಗೆ ಹೆಚ್ಚಾಗುವುದು ಕೆಲವೇ ರೂಪಾಯಿ. ಕಡೆಯುವವರಿಗೂ ಒಂದು ಮಾತು: ಹಿತ್ತಾಳೆ ಬಳೆ ಕೂರಿಸಿದ ಮೇಲೆ ಮರವನ್ನೂ ಲೋಹವನ್ನೂ ಒಟ್ಟಿಗೆ ಉಜ್ಜಿದರೆ ಲೋಹದ ಪುಡಿ ಮರಕ್ಕೆ ಮೆತ್ತಿಕೊಂಡು ಕಪ್ಪಾಗುತ್ತದೆ. ಮರಕ್ಕೆ ಮೊದಲು ಅರಗು ಹಿಡಿಸಿ, ಬಳೆ ಆಮೇಲೆ ಕೂರಿಸುವುದು ಮೇಲು. ಚನ್ನಪಟ್ಟಣದ ಗೊಂಬೆಗಳಲ್ಲಿ ಲೇತಿನ ಮೇಲೆ ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗು ಒತ್ತಿ ಹಿಡಿಸುತ್ತಾರೆ. ಆ ಅರಗು ಅಂದಕ್ಕೂ ಹೌದು, ತೇವ ತಡೆಯುವುದಕ್ಕೂ ಹೌದು.

ಕಡೆದ ಸಾಮಾನು ಮಾರುವ ಅಂಗಡಿ, ಮೇಳಗಳಲ್ಲಿ ಬೆಲೆಚೀಟಿ ಇರುತ್ತದೆ. ಅದರ ಹಿಂದೆ ಕನ್ನಡದಲ್ಲಿ ಎರಡು ಸಾಲು ಅಚ್ಚು ಹಾಕಲು ಏನು ಕಷ್ಟ? "ಕಬ್ಬಿಣದ ಮೊಳೆ ಹೊಡೆಯಬೇಡಿ. ಒದ್ದೆಯಲ್ಲಿ ಇಡಬೇಡಿ." ಇಷ್ಟಿದ್ದರೆ ಹತ್ತು ವರ್ಷ ಕಳೆದ ಮೇಲೆ ಯಾರೂ ಕಡೆದವನನ್ನು ಬೈಯುವುದಿಲ್ಲ.

ಅಲ್ಲಿಯವರೆಗೆ, ನಿಮ್ಮ ಮನೆಯ ತೊಟ್ಟಿಲಿಗೆ ಯಾರಾದರೂ "ಕೊಳೆತಿದೆ" ಅಂತ ಬೆಲೆ ಕಡಿದರೆ ತಕ್ಷಣ ಒಪ್ಪಬೇಡಿ. ದಬ್ಬಣ ತಂದು ಅವರ ಮುಂದೆಯೇ ಚುಚ್ಚಿ ತೋರಿಸಿ.