ಕಂಪ್ಲಿಯ ಹುಡುಗಿಗೆ ವಿದೇಶಾಂಗ ನೀತಿ ಏಕೆ?

ಹೊಸಪೇಟೆಯ ಕಾಲೇಜೊಂದರಲ್ಲಿ ಈಚೆಗೆ ವೃತ್ತಿ ಮಾರ್ಗದರ್ಶನದ ಸಭೆ ನಡೆಯಿತು. ಕಂಪ್ಲಿ ಕಡೆಯ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಎದ್ದು, "ವಿದೇಶಾಂಗ ನೀತಿಯ ಥಿಂಕ್ ಟ್ಯಾಂಕುಗಳಲ್ಲಿ ಇಂಟರ್ನ್‌ಶಿಪ್ ಸಿಗಬೇಕಂದ್ರೆ ಏನು ಮಾಡಬೇಕ್ರೀ ಸರ್?" ಎಂದು ಕೇಳಿದಳು. ವೇದಿಕೆಯಲ್ಲಿದ್ದ ಅತಿಥಿಗಳು ನಕ್ಕು, "ಅದೆಲ್ಲ ದೆಹಲಿಯವರ ಕೆಲಸ ಕಣಮ್ಮಾ, ನೀನು ಬ್ಯಾಂಕ್ ಪರೀಕ್ಷೆಗೆ ಓದಿಕೊ" ಎಂದರು. ಸಭೆಯೂ ನಕ್ಕಿತು.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹುಡುಗಿಗೆ ಥಿಂಕ್ ಟ್ಯಾಂಕ್ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಾಗಿ ಥಿಂಕ್ ಟ್ಯಾಂಕಿಗೆ ಆ ಹುಡುಗಿ ಬೇಕು. ಬೇಕೆಂದ ಮೇಲೆ ದುಡ್ಡು ಕೊಟ್ಟು ಕರೆಸಿಕೊಳ್ಳಬೇಕು.

ಈ ಸೀಮೆಯವರಿಗೆ ಹೊರದೇಶದ ವ್ಯವಹಾರ ದೂರದ ಸುದ್ದಿ ಎನ್ನುವವರು ಇಲ್ಲಿ ಬದುಕಿದವರಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾ ಉಕ್ಕಿಗಾಗಿ ಬಾಯಿ ತೆರೆದು ಕೂತಿದ್ದಾಗ, ಸಂಡೂರಿನ ಗುಡ್ಡಗಳಿಂದ ಬೇಲೆಕೇರಿ ಬಂದರಿನ ತನಕ ಕಬ್ಬಿಣದ ಅದಿರಿನ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. ರಸ್ತೆ ಬದಿಯ ಬೇವಿನ ಎಲೆ, ಹೋಟೆಲಿನ ನೀರಿನ ಲೋಟ, ಒಣಹಾಕಿದ ಬಟ್ಟೆ ಎಲ್ಲ ಒಂದೇ ಕೆಂಪು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. ಮರುವರ್ಷ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದರ ಬೆನ್ನಿಗೇ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ತಡೆದದ್ದು ಸರಿಯೇ, ಗುಡ್ಡ ಉಳಿಯಬೇಕಿತ್ತು. ಆದರೆ ಸಾಲ ಮಾಡಿ ಟಿಪ್ಪರ್ ಕೊಂಡವರ ಮನೆ ಮುಂದೆ ಫೈನಾನ್ಸಿನವರು ಬಂದು ನಿಂತಾಗ, ಷಾಂಘೈನ ಬೆಲೆಗೂ ತನ್ನ ಅಪ್ಪನ ಕಂತಿಗೂ ಏನು ಸಂಬಂಧ ಎಂಬುದು ಆ ಮನೆಯ ಮಗುವಿಗೆ ತಿಳಿಯಿತು. 2022ರ ಮೇ 20ರಂದು ಸುಪ್ರೀಂ ಕೋರ್ಟ್ ರಫ್ತಿಗೆ ಮತ್ತೆ ಅನುಮತಿ ಕೊಟ್ಟರೆ, ಎರಡು ದಿನದೊಳಗೆ ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು. ಒಂದು ಕೈ ಬಿಟ್ಟದ್ದನ್ನು ಇನ್ನೊಂದು ಕೈ ಹಿಡಿದುಕೊಂಡದ್ದು ಹೇಗೆ ಎಂದು ವಿವರಿಸಲು ಸಂಡೂರಿನ ಹುಡುಗನಿಗೆ ಪಠ್ಯಪುಸ್ತಕ ಬೇಕಿಲ್ಲ.

2023ರ ಜುಲೈ ಮಧ್ಯದಲ್ಲಿ ಜಿ20 ಶೆರ್ಪಾಗಳು, ಅಂದರೆ ಆ ದೇಶಗಳ ನಾಯಕರ ಪ್ರತಿನಿಧಿಗಳು, ಹಂಪಿಗೆ ಬಂದರು. ಅದಕ್ಕೂ ತುಸು ಮುಂಚೆ ಸಂಸ್ಕೃತಿ ಕಾರ್ಯಪಡೆಯ ಸಭೆಯೂ ಅಲ್ಲೇ ಆಯಿತು. ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1,755 ಕಸೂತಿ ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಬರೆದದ್ದು ಆಗಲೇ. ಸಂತೋಷ. ಆದರೆ ಆ ಮಹಿಳೆಯರ ಮಕ್ಕಳಲ್ಲಿ ಒಬ್ಬರಾದರೂ ಸಭೆಯ ಟಿಪ್ಪಣಿ ಬರೆದುಕೊಳ್ಳುವ ಕುರ್ಚಿಯಲ್ಲಿ ಕೂತಿದ್ದರೆ ನನ್ನ ಸಂತೋಷ ಇನ್ನೂ ದೊಡ್ಡದಾಗುತ್ತಿತ್ತು. ಶೆರ್ಪಾಗಳು ಹೋದ ಬೆನ್ನಿಗೆ, ಜುಲೈ 20ರಂದು, ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧವಾಯಿತು. ಅಮೆರಿಕದ ಇಂಡಿಯನ್ ಸ್ಟೋರುಗಳಲ್ಲಿ ಸೋನಾಮಸೂರಿಗೆ ನೂಕುನುಗ್ಗಲು. ನಮ್ಮ ಕಂಪ್ಲಿ, ಗಂಗಾವತಿ, ಸಿರುಗುಪ್ಪದ ಗದ್ದೆಗಳಲ್ಲಿ ಬೆಳೆಯುವುದು ಅದೇ ಅಕ್ಕಿ. ನಿಷೇಧ ಪೂರ್ತಿ ತೆರವಾದದ್ದು 2024ರ ಸೆಪ್ಟೆಂಬರಿನಲ್ಲಿ. ಅಷ್ಟು ದಿನ ಬತ್ತದ ಚೀಲಕ್ಕೆ ಸಿಕ್ಕ ಬೆಲೆ ಎಷ್ಟು, ಮಿಲ್ಲಿನವರು ದಾಸ್ತಾನು ಮಾಡಿದ್ದೆಷ್ಟು, ಅಡತಿ ಅಂಗಡಿಯಲ್ಲಿ ಏನು ಮಾತಾಯಿತು, ಇದನ್ನು ಕೇಳಿ ತಿಳಿದುಕೊಳ್ಳಬಲ್ಲವರು ಯಾರು?

ಇನ್ನು ಕಂಪ್ಲಿಯ ಹಳೆಯ ಕಥೆ. ಯಾದಗಿರಿ ಕಡೆಯ ಸಾಗರದಲ್ಲಿ ಅಧಿಕಾರದಲ್ಲಿದ್ದ ಬಹಾವುದ್ದೀನ್ ಗುರ್ಷಾಸ್ಪ್ ತನ್ನ ಬಳಗದವನೇ ಆದ ದೆಹಲಿ ಸುಲ್ತಾನ ಮಹಮ್ಮದ್ ಬಿನ್ ತುಘಲಕ್‌ನ ಮೇಲೆ ದಂಗೆಯೆದ್ದು, ಸೋತು, ಓಡಿ ಬಂದದ್ದು ಇಲ್ಲಿನ ರಾಜ ಕಂಪಿಲರಾಯನ ಬಳಿಗೆ. ರಾಯ ಅವನಿಗೆ ಆಶ್ರಯ ಕೊಟ್ಟ. ದೆಹಲಿಯ ಸೈನ್ಯ ಬಂತು. ಇನ್ನು ತಡೆಯಲಾಗದು ಎಂದಾಗಲೂ ರಾಯ ನಂಬಿ ಬಂದವನನ್ನು ಒಪ್ಪಿಸಲಿಲ್ಲ. ದೋರಸಮುದ್ರದ ಮೂರನೇ ಬಲ್ಲಾಳನ ಕಡೆಗೆ ಕಳುಹಿಸಿ, ತಾನು ಹೋರಾಡಿ ಸತ್ತ. 1327ರ ಹೊತ್ತಿಗೆ ಕಂಪಿಲಿ ರಾಜ್ಯ ಇಲ್ಲವಾಯಿತು. ಬಲ್ಲಾಳ ಏನು ಮಾಡಿದ? ಗುರ್ಷಾಸ್ಪ್‌ನನ್ನು ಸುಲ್ತಾನನಿಗೆ ಹಿಡಿದುಕೊಟ್ಟ, ತನ್ನ ರಾಜ್ಯ ಉಳಿಸಿಕೊಂಡ. ಮೊರಾಕ್ಕೊದ ಇಬ್ನ್ ಬತೂತ ಕೂಡ ಇದನ್ನು ಬರೆದಿಟ್ಟಿದ್ದಾನೆ. ರಾಯನ ಮಗ ಕುಮಾರರಾಮನ ಹಾಡು ಕೇಳಿ ಬೆಳೆದ ಈ ಕಡೆಯ ಮಕ್ಕಳಿಗೆ ಕಂಪಿಲರಾಯನೆಂದರೆ ಅಭಿಮಾನ. ಸರಿ, ಆದರೆ ಪ್ರಜೆಗಳ ಮನೆಮಠ ಸುಟ್ಟುಹೋಗುವಂತೆ ಒಬ್ಬ ಅತಿಥಿಯನ್ನು ಕಾಯುವ ಹಕ್ಕು ರಾಜನಿಗೆ ಇತ್ತೇ? ಬಲ್ಲಾಳ ಹೇಡಿಯೋ ಜಾಣನೋ? 1959ರಲ್ಲಿ ದಲೈ ಲಾಮಾ ಅವರಿಗೆ ಆಶ್ರಯ ಕೊಟ್ಟಾಗ ನಮ್ಮ ಮುಂದಿದ್ದದ್ದು ಇದೇ ಪ್ರಶ್ನೆ. ಬೈಲಕುಪ್ಪೆ, ಮುಂಡಗೋಡಗಳ ಟಿಬೆಟನ್ ನೆಲೆಗಳು ಅದರ ಉತ್ತರದ ಭಾಗ. 2024ರ ಆಗಸ್ಟಿನಲ್ಲಿ ಬಾಂಗ್ಲಾದೇಶದ ಪ್ರಧಾನಿಯಾಗಿದ್ದ ಶೇಖ್ ಹಸೀನಾ ಬಂದಿಳಿದಾಗ, ಡಿಸೆಂಬರಿನಲ್ಲಿ ಅವರನ್ನು ಒಪ್ಪಿಸಿ ಎಂದು ಢಾಕಾ ಕೇಳಿದಾಗ, ಮತ್ತೆ ಅದೇ ಪ್ರಶ್ನೆ. ಈ ವಿಷಯದ ಮೇಲೆ ಕಂಪ್ಲಿಯ ಕೋಟೆ ಪಕ್ಕದಲ್ಲಿ ಆಡಿ ಬೆಳೆದವಳು ಬರೆಯುವ ನಾಲ್ಕು ಪುಟವನ್ನು ನಾನು ಓದಬೇಕು. ದೆಹಲಿಯ ವರದಿಗಳಲ್ಲಿ ಅದು ನನಗೆ ಸಿಕ್ಕಿಲ್ಲ.

ಎದುರು ವಾದಗಳಲ್ಲಿ ತೂಕವಿರುವುದೂ ಉಂಟು. ವಿದೇಶಾಂಗ ನೀತಿಗೆ ದೂರದ ದೃಷ್ಟಿ ಬೇಕು, ಗಣಿ ಊರಿನವರು ಅದಿರಿನ ಲೆಕ್ಕದಲ್ಲೇ ಚೀನಾವನ್ನು ಅಳೆದರೆ ಗಡಿಯ ಲೆಕ್ಕ ತಪ್ಪುತ್ತದೆ ಎನ್ನುತ್ತಾರೆ. ನಿಜ. ಊರಿನ ಸಂಕಟವೇ ದೇಶದ ಹಿತವಲ್ಲ. ಎರಡೂ ಎದುರುಬದುರಾಗುವುದೇ ಹೆಚ್ಚು. ಒಪ್ಪಂದದ ಕರಡು ಓದುವುದು, ಆಮದು ರಫ್ತಿನ ಅಂಕಿಗಳನ್ನು ಅನುಮಾನಿಸುವುದು, ಎದುರಾಳಿ ದೇಶದ ಕಣ್ಣಿನಿಂದ ನೋಡುವುದು ಊರಲ್ಲಿ ಹುಟ್ಟಿದ ಮಾತ್ರಕ್ಕೆ ಬರುವುದಿಲ್ಲ. ಆದರೆ ಇಂಟರ್ನ್‌ಶಿಪ್ ಇರುವುದೇ ಅದನ್ನು ಕಲಿಸಲಿಕ್ಕೆ. ದೆಹಲಿಯೂ ಒಂದು ಊರೇ; ಅಲ್ಲಿಯವರ ಕಣ್ಣಿಗೂ ಪಟ್ಟಿ ಇದೆ, ಎಲ್ಲರೂ ಒಂದೇ ಪಟ್ಟಿ ಕಟ್ಟಿಕೊಂಡಿರುವುದರಿಂದ ಕಾಣುವುದಿಲ್ಲ, ಅಷ್ಟೇ.

ಇನ್ನೊಂದು ವಾದ ಹಣದ್ದು. ಸಣ್ಣ ಸಂಸ್ಥೆಗಳಿಗೆ ದೇಣಿಗೆಯೇ ಗತಿ, ಇಂಟರ್ನ್‌ಗೆ ಕಲಿಸುವುದರಲ್ಲಿ ಹಿರಿಯರ ಹೊತ್ತು ಹೋಗುತ್ತದೆ, ಮೇಲೆ ಸ್ಟೈಪೆಂಡನ್ನೂ ಎಲ್ಲಿಂದ ತರುವುದು? ಇದನ್ನೂ ಸುಳ್ಳೆನ್ನಲಾರೆ. ಹಾಗಿದ್ದರೆ ಹತ್ತು ಜನರನ್ನು ಪುಕ್ಕಟೆ ಕೂರಿಸುವ ಬದಲು ಇಬ್ಬರನ್ನು ದುಡ್ಡು ಕೊಟ್ಟು ಇಟ್ಟುಕೊಳ್ಳಲಿ. ವಿದೇಶಾಂಗ ಸಚಿವಾಲಯವೇ ತನ್ನ ಇಂಟರ್ನ್‌ಗಳಿಗೆ ತಿಂಗಳಿಗೆ 10,000 ರೂಪಾಯಿ ಗೌರವಧನ, ವಿಮಾನದ ಟಿಕೆಟ್ ಕೊಡುವ ನಿಯಮ ಮಾಡಿದೆ. ರಾಜ್ಯವಾರು ಹಂಚಿಕೆಯೂ ಇದೆ. ಅಡಿಟಿಪ್ಪಣಿ ತಿದ್ದುವುದು, ಪತ್ರಿಕೆಗಳ ಸಾರ ತೆಗೆಯುವುದು, ವಿಚಾರ ಸಂಕಿರಣದ ವರದಿ ಬರೆಯುವುದು ಕೆಲಸವೇ. ಕೆಲಸಕ್ಕೆ ಕೂಲಿ ಕೊಡದೆ 'ಅನುಭವ' ಕೊಡುತ್ತೇವೆ ಎಂದರೆ ಸಂಡೂರಿನ ಗಣಿ ಕಾರ್ಮಿಕ ಎದ್ದು ಹೋಗುತ್ತಾನೆ. ಪದವೀಧರರು ಮಾತ್ರ ಥ್ಯಾಂಕ್ಸ್ ಹೇಳಿ ಕೂರುತ್ತಾರೆ. 2015ರಲ್ಲಿ ಜಿನೀವಾದ ವಿಶ್ವಸಂಸ್ಥೆಯಲ್ಲಿ ಸಂಬಳವಿಲ್ಲದ ಇಂಟರ್ನ್ ಆಗಿದ್ದ ನ್ಯೂಜಿಲೆಂಡಿನ ಹುಡುಗನೊಬ್ಬ ಡೇರೆಯಲ್ಲಿ ಮಲಗುತ್ತಿದ್ದ. ಸುದ್ದಿಯಾದ ಮೇಲೆ ಕೆಲಸ ಬಿಟ್ಟ. ಗುಂತಕಲ್ಲಿಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ, ದೆಹಲಿಯ ಲಕ್ಷ್ಮೀನಗರದಲ್ಲಿ ಕೋಣೆ ಹಿಡಿದು, ಎರಡು ತಿಂಗಳು ಕೈಯಿಂದ ಉಣ್ಣುವುದು ಕಂಪ್ಲಿಯ ರೈತನ ಮಗಳಿಗೆ ಆಗದ ಮಾತು. ನಿಜವಾದ ಆಸಕ್ತಿ ಇದ್ದವರು ಹೇಗಾದರೂ ಬರುತ್ತಾರೆ ಎನ್ನುವವರು ಅಪ್ಪನ ದುಡ್ಡಿನಲ್ಲಿ ಬಂದವರು.

ದೆಹಲಿಗೇ ಬರಬೇಕೆಂಬ ಹಟವೂ ಬೇಡ. ತಕ್ಷಶಿಲಾದಂಥ ನೀತಿ ಅಧ್ಯಯನ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಒಂದು ತಿಂಗಳು ಅಂಥ ಕಡೆ ಕೂತು ಓದಿ, ಉಳಿದ ತಿಂಗಳು ಇಲ್ಲೇ ಮಿಲ್ಲು, ಗಣಿ, ಎ.ಪಿ.ಎಂ.ಸಿ. ಸುತ್ತಿ ಬರೆಯಲಿ. ಜೊತೆಗೆ ಅರ್ಜಿಯ ನಮೂನೆಯಲ್ಲಿ ಒಂದು ಸಾಲು ಬದಲಾಗಬೇಕು. ಮಾದರಿ ಬರಹ ಇಂಗ್ಲಿಷಿನಲ್ಲೇ ಇರಬೇಕೆನ್ನುವ ಕಡೆ ಕನ್ನಡದಲ್ಲೂ ಇರಬಹುದೆಂದು ಸೇರಿಸಲಿ. ಬೆಂಗಳೂರಿನ ಕಚೇರಿಯಲ್ಲಿ ಅದನ್ನು ಓದಬಲ್ಲವರು ಒಬ್ಬರಾದರೂ ಇದ್ದೇ ಇರುತ್ತಾರೆ.