ಹುಲ್ಲಿನ ಕಿರ್ದಿ ಬರೆಯುವವರಾರು?

ಹಾಲಿನ ದರ ಒಂದೆರಡು ರೂಪಾಯಿ ಏರಿತೆಂದರೆ ಗಿರಣಿ ಗೇಟಿನ ಚಹದಂಗಡಿಯಲ್ಲಿ ಏಳುವ ಗದ್ದಲವನ್ನು ನಾನು ಬಲ್ಲೆ. “ತಾನಾಗಿ ಬೆಳೆದ ಹುಲ್ಲು, ಮನೆಯ ಹಸು, ಇವರಿಗೇನು ಖರ್ಚು?” ಎಂದು ಮೊನ್ನೆ ನಮ್ಮ ಸಂಗಾತಿಯೊಬ್ಬರೇ ಕೇಳಿದರು. ಕೂಲಿಗಾಗಿ ಹೋರಾಡಿದವರ ಬಾಯಲ್ಲಿ ಈ ಮಾತು ಬರಬಾರದಿತ್ತು. ಆದರೆ ತಪ್ಪು ಅವರೊಬ್ಬರದಲ್ಲ. ಹಸು ಕಟ್ಟಿದ ರೈತನನ್ನೇ ಕೇಳಿ ನೋಡಿ. ಹಿಂಡಿ, ಬೂಸಾದ ಬೆಲೆ ಅವನ ನಾಲಗೆಯ ತುದಿಯಲ್ಲಿರುತ್ತದೆ, ಏಕೆಂದರೆ ಅದಕ್ಕೆ ರೊಕ್ಕ ಎಣಿಸಿದ್ದಾನೆ. ಹುಲ್ಲಿಗೆ ಎಣಿಸಿಲ್ಲ. ಹಾಲಿನ ಉತ್ಪಾದನಾ ವೆಚ್ಚದಲ್ಲಿ ಅರ್ಧಕ್ಕೂ ಮಿಕ್ಕಿದ್ದು ಮೇವು-ಹಿಂಡಿಯದೇ. ಅದರಲ್ಲಿ ಹುಲ್ಲಿನ ಪಾಲೆಷ್ಟು ಎಂಬುದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ನಮ್ಮ ಕಡೆ ಸೀಮೆ ಹುಲ್ಲೆಂದು ಕರೆಯುವ ಹೈಬ್ರಿಡ್ ನೇಪಿಯರನ್ನೇ ತೆಗೆದುಕೊಳ್ಳೋಣ. ಎರಡು ಕಣ್ಣಿನ ತುಂಡು ನೆಟ್ಟ 75-80 ದಿನಕ್ಕೆ ಮೊದಲ ಕಟಾವು, ಆಮೇಲೆ ಸುಮಾರು 45 ದಿನಕ್ಕೊಮ್ಮೆ. ಒಮ್ಮೆ ನೆಟ್ಟರೆ ಮೂರು ವರ್ಷವಾದರೂ ನಿಲ್ಲುತ್ತದೆ. ಆದ್ದರಿಂದ ಉಳುಮೆ, ತುಂಡು, ನಾಟಿಯ ಖರ್ಚನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲು ಬರೆಯಬೇಕು. ಜನ ಮಾಡುವುದೇನು? ಮೊದಲ ವರ್ಷ “ಮುಳುಗಿದೆ” ಎನ್ನುತ್ತಾರೆ, ಎರಡನೆಯ ವರ್ಷ “ಪುಕ್ಕಟೆ ಹುಲ್ಲು” ಎನ್ನುತ್ತಾರೆ. ಎರಡೂ ಸುಳ್ಳು. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ನಿಜ. ಮೋಟಾರು ಸುಟ್ಟರೆ ಕಾಯಿಲ್ ಕಟ್ಟುವವನು ಉಚಿತವಾಗಿ ಕಟ್ಟುತ್ತಾನೆಯೇ? ಮನೆಯ ಗೊಬ್ಬರಕ್ಕೂ ಬೆಲೆಯಿದೆ, ಮಾರಿದ್ದರೆ ಬರುತ್ತಿತ್ತಲ್ಲ.

ಇನ್ನು ಕೊಯ್ಯುವ ಕೈ. ಎರಡು ಹಸುವಿನ ಮನೆಯಲ್ಲಿ ಹೆಂಗಸೊಬ್ಬಳು ದಿನಾ ಒಂದೂವರೆ ಗಂಟೆ ಕುಡುಗೋಲು ಹಿಡಿದಳೆಂದು ಇಟ್ಟುಕೊಳ್ಳಿ. ವರ್ಷಕ್ಕೆ 547 ಗಂಟೆ. ಎಂಟು ಗಂಟೆಯ ಪಾಳಿಯ ಲೆಕ್ಕದಲ್ಲಿ 68 ದಿನದ ದುಡಿಮೆ! ಭಾನುವಾರದ ರಜೆಯಿಲ್ಲ, ಹಬ್ಬದ ರಜೆಯಿಲ್ಲ. ಗಿರಣಿಯ ಮಾಲೀಕ ನಿಮ್ಮ 68 ದಿನಗಳನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿದರೆ ನೀವು ಸುಮ್ಮನಿರುವಿರಾ? ಇಲ್ಲಿ ಹೊಡೆದುಹಾಕಿದವನು ಮಾಲೀಕನಲ್ಲ, ಅವಳ ಗಂಡ. ಅದೂ ದುರುದ್ದೇಶದಿಂದಲ್ಲ, ಅಭ್ಯಾಸಬಲದಿಂದ.

ಸರ್ಕಾರ ಬರೆದೀತೆಂದು ಕಾಯುವುದು ವ್ಯರ್ಥ. 1965ರಲ್ಲಿ ಹುಟ್ಟಿದ ಕೃಷಿ ಬೆಲೆ ಆಯೋಗ ಇಂದು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೆನಿಸಿದೆ. ಭತ್ತ, ಜೋಳ, ರಾಗಿಗೆ ಮನೆಮಂದಿಯ ದುಡಿಮೆಯನ್ನೂ ಸ್ವಂತ ಭೂಮಿಯ ಗೇಣಿಯನ್ನೂ ಸೇರಿಸಿ ವೆಚ್ಚ ತೆಗೆಯುವ ಪದ್ಧತಿ ಅದರಲ್ಲಿದೆ. ಬೆಂಬಲ ಬೆಲೆಯ ಪಟ್ಟಿಯಲ್ಲಿ ಹಸಿರು ಮೇವಿಲ್ಲ, ಹಾಲೂ ಇಲ್ಲ.

ಇಳುವರಿಯ ಕಥೆ ಇನ್ನೂ ಸ್ವಾರಸ್ಯದ್ದು. ಸಿಒ-4 ತಳಿ ವರ್ಷಕ್ಕೆ ಹೆಕ್ಟೇರಿಗೆ 380ರಿಂದ 400 ಟನ್ ಕೊಡುತ್ತದೆಂದು ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯ ಹೇಳುತ್ತದೆ. ಐದು ಗುಂಟೆಗೆ ಲೆಕ್ಕ ಹಾಕಿದರೆ 20 ಟನ್, ದಿನಕ್ಕೆ ಸುಮಾರು 55 ಕಿಲೊ. ಕಾಗದದ ಮೇಲೆ ಎರಡು ಹಸುವಿಗೆ ಸಾಕು. ಅವರು ತಪ್ಪು ಹೇಳಿದರೆನ್ನಲಾರೆ. ಆದರೆ ಅದು ನೀರು-ಗೊಬ್ಬರ ತಪ್ಪದ ತಾಕಿನ ಮಾತು. ನಮ್ಮ ರೈತ ಹೊರೆಯಲ್ಲಿ ಎಣಿಸುತ್ತಾನೆ, ಹೊರೆಯ ತೂಕ ಅವನಿಗೆ ತಿಳಿಯದು. ಹತ್ತು ಹೊರೆ ತೂಗಿ ಸರಾಸರಿ ಹಿಡಿದರೆ ಮುಂದೆ ಹೊರೆ ಎಣಿಸಿದರೂ ನಡೆದೀತು. ಮಳೆಯಲ್ಲಿ ಕೊಯ್ದದ್ದಾದರೆ ಹಾಗೆಂದು ಗುರುತು ಹಾಕಬೇಕು. ಹಸಿ ಹುಲ್ಲಿನ ನೂರು ಕಿಲೊದಲ್ಲಿ ಸುಮಾರು ಎಂಬತ್ತು ಕಿಲೊ ನೀರೇ. ನೀರನ್ನು ತೂಗಿ ಹಿಗ್ಗಿದವರನ್ನು ನಾನು ಕಂಡಿದ್ದೇನೆ.

ಮೇಷ್ಟರಾಗಿದ್ದಾಗ ಮಕ್ಕಳಿಗೆ ಬಡ್ಡಿ ಲೆಕ್ಕ ಎಷ್ಟೋ ಮಾಡಿಸಿದೆ. ಅವರ ಹಿತ್ತಲ ಹುಲ್ಲಿನದು ಒಂದನ್ನೂ ಮಾಡಿಸಲಿಲ್ಲ. ಆ ನಾಚಿಕೆ ನನಗಿದೆ.

ಲೆಕ್ಕ ಬರೆದ ಮೇಲೆ ಹುಲ್ಲು ನಷ್ಟವೆಂದು ಕಂಡರೂ ಕಂಡೀತು. ಜೋಳದ ಸಪ್ಪೆ ಕೊಳ್ಳುವುದೇ ಅಗ್ಗವಾದೀತು. ಹಾಗಾದರೆ ಅದನ್ನೂ ಬರೆಯಲಿ.

ಅಂಗಡಿಕಾರ ಬಂಧುಗಳಿಗೆ ಹೊಸದಾಗಿ ಹೇಳುವುದೇನಿದೆ? ವ್ಯಾಪಾರವೇ ಬೇರೆ, ಲಾಭವೇ ಬೇರೆ ಎಂದು ನಿಮ್ಮ ಕಿರ್ದಿ ದಿನವೂ ಹೇಳುತ್ತದೆ. ಸಂತೆಯ ದಿನ ಹಳ್ಳಿಯವರು ಬಂದಾಗ ಖಾಲಿ ನೋಟ್ ಪುಸ್ತಕವೊಂದನ್ನು ಕೊಟ್ಟು ಜಮೆ-ಖರ್ಚಿನ ಗೆರೆ ಎಳೆದು ತೋರಿಸಿ. ಹಳೆಯ ತಕ್ಕಡಿಯಿದ್ದರೆ ವಾರದ ಮಟ್ಟಿಗೆ ಎರವಲು ಕೊಡಿ. ಗಿರಣಿಯ ಸಂಗಾತಿಗಳು ಹಬ್ಬಕ್ಕೆ ಊರಿಗೆ ಹೋದಾಗ ಅಕ್ಕತಂಗಿಯರನ್ನು ಕೂರಿಸಿಕೊಂಡು ಅವರ ಗಂಟೆಗಳನ್ನು ಮೊದಲು ಬರೆದುಕೊಳ್ಳಿ. ರೂಪಾಯಿ ಆಮೇಲೆ ಬರೆದರಾಯಿತು.