ನೊಂದವರಿಗೆ ಪರಿಹಾರದ್ರವ್ಯ

ಕೊಲೆಯೋ ಸುಲಿಗೆಯೋ ನಡೆದಾಗ ಅಪರಾಧಿಯ ವಿಷಯವಾಗಿ ಸರ್ಕಾರದವರು ವಹಿಸುವ ಶ್ರಮವು ಅಲ್ಪವಾದುದಲ್ಲ. ಅವನನ್ನು ಹಿಡಿಯುವುದು, ವಿಚಾರಿಸುವುದು, ದಿಕ್ಕಿಲ್ಲದವನಾದರೆ ವಕೀಲರನ್ನು ಒದಗಿಸುವುದು, ಸೆರೆಮನೆಯಲ್ಲಿ ಅನ್ನವಿಕ್ಕುವುದು, ಇವೆಲ್ಲವೂ ಪ್ರಜೆಗಳ ತೆರಿಗೆಯಿಂದಲೇ ನಡೆಯತಕ್ಕವು. ಇದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಪೆಟ್ಟು ತಿಂದವನ ಗತಿಯೇನು? ಸಾಕ್ಷಿಯ ಕಟ್ಟೆಯಲ್ಲಿ ನಿಂತು ಹೇಳಿಕೆ ಕೊಟ್ಟು ಮನೆಗೆ ಹೋದರೆ ಅವನ ಕೆಲಸ ತೀರಿತೆಂಬ ಭಾವನೆಯು ನಮ್ಮ ನ್ಯಾಯಪದ್ಧತಿಯಲ್ಲಿ ಬಹುಕಾಲ ಬೇರೂರಿದ್ದಿತು.

2008ರಲ್ಲಿ ದಂಡಪ್ರಕ್ರಿಯಾ ಸಂಹಿತೆಗಾದ ತಿದ್ದುಪಡಿಯು ಈ ನ್ಯೂನತೆಯನ್ನು ಕೆಲಮಟ್ಟಿಗೆ ನೀಗಿಸಿತು. ನೊಂದವರ ಪರಿಹಾರಕ್ಕಾಗಿ ಪ್ರತಿಯೊಂದು ರಾಜ್ಯವೂ ಒಂದು ಯೋಜನೆಯನ್ನು ಏರ್ಪಡಿಸತಕ್ಕದ್ದೆಂದು ಅದು ವಿಧಿಸಿತು. ಕರ್ನಾಟಕದ ಯೋಜನೆಯು 2011ರದು. 2024ನೆಯ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಪ್ರಕರಣವೂ ಈ ಏರ್ಪಾಡನ್ನು ಉಳಿಸಿಕೊಂಡಿದೆ. ಅಪರಾಧಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಾಗಿಲ್ಲವೆಂಬುದನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ಅವನಾರೆಂದೇ ಗೊತ್ತಾಗದೆ ಮೊಕದ್ದಮೆಯೇ ನಡೆಯದಿದ್ದರೂ, ನೊಂದವರಾಗಲಿ ಅವರ ಆಶ್ರಿತರಾಗಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಆರೋಪಿಯು ಬಿಡುಗಡೆ ಹೊಂದಿದರೂ ನ್ಯಾಯಾಲಯವು ಪರಿಹಾರಕ್ಕೆ ಶಿಫಾರಸು ಮಾಡಬಹುದು. ಪ್ರಾಧಿಕಾರವು 2 ತಿಂಗಳೊಳಗೆ ವಿಚಾರಣೆಯನ್ನು ಮುಗಿಸಿ ಯುಕ್ತವಾದ ಮೊಬಲಗನ್ನು ಗೊತ್ತುಪಡಿಸತಕ್ಕದ್ದು.

ಕಳ್ಳನು ಮಾಡಿದ ಪಾಪಕ್ಕೆ ಬೊಕ್ಕಸವೇಕೆ ತೆರಬೇಕೆಂದು ಕೆಲವರು ಕೇಳುವರು. ರಕ್ಷಣೆಗೆಂದು ತೆರಿಗೆಯನ್ನು ಪಡೆದವರು, ಆ ರಕ್ಷಣೆ ತಪ್ಪಿದಾಗ ನಷ್ಟದಲ್ಲಿ ಪಾಲುಗೊಳ್ಳುವುದು ನಮಗಂತೂ ನ್ಯಾಯವಾಗಿಯೇ ತೋರುತ್ತದೆ.

ಆಸಿಡ್ ದಾಳಿಗೆ ತುತ್ತಾದವರಿಗೆ 3 ಲಕ್ಷ ರೂಪಾಯಿಗೆ ಕಡಮೆಯಾಗದಂತೆ ಕೊಡಬೇಕೆಂದೂ, ಅದರಲ್ಲಿ 1 ಲಕ್ಷವು ವಿಷಯ ತಿಳಿದ 15 ದಿನಗಳೊಳಗೆ ಕೈಸೇರಬೇಕೆಂದೂ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಮುಖ ವಿರೂಪಗೊಂಡ ಸ್ತ್ರೀಗೆ 2018ರ ರಾಷ್ಟ್ರೀಯ ಯೋಜನೆಯು 7ರಿಂದ 8 ಲಕ್ಷವನ್ನು ಗೊತ್ತುಮಾಡಿತು. ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ ಬೇಡುವ ಆ ಗಾಯದ ಮುಂದೆ ಇದೂ ದೊಡ್ಡ ಮೊತ್ತವೇನಲ್ಲ.

ಇಷ್ಟಾದರೂ, ಪರಿಹಾರ ಕೊಡುವುದು ಇನ್ನೂ ವಾಡಿಕೆಯಾಗಿಲ್ಲವೆಂದು 2014ರಲ್ಲಿ ಅದೇ ನ್ಯಾಯಾಲಯವು ವ್ಯಸನಪಟ್ಟುದುಂಟು. ಆಶ್ಚರ್ಯವೇನು? ಗಂಡನನ್ನು ಕಳೆದುಕೊಂಡು ಕೂಲಿಯಿಂದ ಮಕ್ಕಳನ್ನು ಸಾಕುವ ಹೆಂಗಸು 396ನೆಯ ಪ್ರಕರಣವನ್ನು ಓದಿ ಅರ್ಜಿ ಬರೆಯುವಳೇ? ಫಿರ್ಯಾದಿಗೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಠಾಣೆಯವರು ಧರ್ಮಾರ್ಥವಾಗಿ ಕೊಡಲೇಬೇಕಷ್ಟೆ. ಅದರೊಡನೆ ತಿಳಿಗನ್ನಡದಲ್ಲಿ ಅಚ್ಚಾದ ಪರಿಹಾರದ ಅರ್ಜಿಯೊಂದನ್ನೂ ಕೊಟ್ಟು, ಓದುಬರಹ ಬಾರದವರಿಗೆ ಅದನ್ನು ತುಂಬಿಸಿ ಪ್ರಾಧಿಕಾರಕ್ಕೆ ಕಳುಹಿಸುವಂತೆ ಗೃಹ ಇಲಾಖೆಯವರು ಎಲ್ಲ ಠಾಣೆಗಳಿಗೂ ಹುಕುಂ ಹೊರಡಿಸಬೇಕು. ಇದಕ್ಕೆ ಹೊಸ ಶಾಸನವೂ ಬೇಡ, ಕಾಗದದ ಖರ್ಚಿನ ಹೊರತು ಹಣವೂ ಬೇಡ.